ಬಿಲ್ಡ್ ಪಾಸ್, ಆಪ್ ಮಾತ್ರ ಹಳೇದು: ಕಂಟೇನರ್ ಡಿಪ್ಲಾಯ್ ಎಲ್ಲಿ ಕೈಕೊಟ್ಟಿತು ಅಂತ ಹುಡುಕೋದು ಹೇಗೆ

ತೀರ್ಥಹಳ್ಳಿಯಿಂದ ಮಾವನ ಫೋನ್ ಬಂದಾಗ ಸೋಮವಾರ ಬೆಳಗ್ಗೆ ಎಂಟು ಗಂಟೆ. ಹೊರಗೆ ಪುನರ್ವಸು ಮಳೆ ಜಡಿಯುತ್ತಿತ್ತು.

"ಎಂತ ಮಾರಾಯ ನಿನ್ನ ಆಪು? ಒಂದ್ ಸಲ ತೆಗೆದ್ರೆ ಸಾಗರದ ರೇಟು ಕಾಣ್ತದೆ. ಇನ್ನೊಂದ್ ಸಲ ತೆಗೆದ್ರೆ ಶಿವಮೊಗ್ಗದ್ದು ಮಾತ್ರ. ನಾನು ಅಡಿಕೆ ಎಲ್ಲಿಗೆ ಹಾಕೋದು ಹೇಳು."

ಶಿವಮೊಗ್ಗದಲ್ಲಿ ನಾವು ನಾಲ್ಕು ಜನ ಸೇರಿ ನಡೆಸುವ ಸಣ್ಣ ಆಪ್ ಅದು. ದಿನದ ಅಡಿಕೆ ಧಾರಣೆ ತೋರಿಸುತ್ತದೆ: ರಾಶಿ, ಬೆಟ್ಟೆ, ಸರಕು, ಗೊರಬಲು. ಮೊದಲು ಶಿವಮೊಗ್ಗ ಮಾರುಕಟ್ಟೆಯದ್ದು ಮಾತ್ರ ಇತ್ತು. ಶನಿವಾರ ಸಂಜೆ ಸಾಗರ, ತೀರ್ಥಹಳ್ಳಿ, ಹೊಸನಗರದ ಧಾರಣೆಯನ್ನೂ ಸೇರಿಸಿ ಹೊಸ ಆವೃತ್ತಿ ಬಿಟ್ಟೆವು. ಕೋಡ್ ಕಟ್ಟಿ (ಬಿಲ್ಡ್) ಸರ್ವರ್‌ಗೆ ಏರಿಸುವ (ಡಿಪ್ಲಾಯ್) ಕೆಲಸ ತಾನಾಗಿ ಮಾಡುವ ಜೆಂಕಿನ್ಸ್‌ನಲ್ಲಿ ಎಲ್ಲ ಹಂತವೂ ಹಸಿರು, ಅಂದರೆ ಪಾಸ್. ಟೆಸ್ಟ್ ಸರ್ವರ್‌ನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಮುಗೀತು ಅಂತ ಮನೆಗೆ ಹೋದೆವು. ಭಾನುವಾರ ಯಾರೂ ತೆಗೆದು ನೋಡಲಿಲ್ಲ.

ನಮ್ಮ ಏರ್ಪಾಡು ದೊಡ್ಡದೇನಲ್ಲ. ಆಫೀಸಿನಲ್ಲೇ ಮೂರು ಯಂತ್ರಗಳ ಕ್ಯೂಬರ್ನೆಟಿಸ್ ಕ್ಲಸ್ಟರ್ ಇದೆ. ಆಪ್ ಅನ್ನು ಕಂಟೇನರ್ ಅನ್ನೋ ಡಬ್ಬಿಯಲ್ಲಿಟ್ಟು ಈ ಯಂತ್ರಗಳಲ್ಲಿ ಓಡಿಸಿ ನೋಡಿಕೊಳ್ಳುವುದು ಕ್ಯೂಬರ್ನೆಟಿಸ್ ಕೆಲಸ. ಅವನ್ನು ಎ, ಬಿ, ಸಿ ಅಂತ ಕರೆಯೋಣ. ಆಪ್‌ನ ಎರಡು ಪಾಡ್, ಅಂದರೆ ಎರಡು ಪ್ರತಿ, ಓಡುತ್ತವೆ. ಜೆಂಕಿನ್ಸ್ ಬೇರೊಂದು ಹಳೇ ಯಂತ್ರದಲ್ಲಿದೆ. ಅದು ಕೋಡ್ ತೆಗೆದುಕೊಂಡು ಡಾಕರ್ ಇಮೇಜ್ (ಕಂಟೇನರ್‌ನ ಅಚ್ಚು) ಕಟ್ಟುತ್ತದೆ, ನಮ್ಮದೇ ರಿಜಿಸ್ಟ್ರಿಗೆ (ಇಮೇಜ್‌ಗಳ ಉಗ್ರಾಣ) ಹಾಕುತ್ತದೆ, ಆಮೇಲೆ ಇದನ್ನು ಓಡಿಸು ಅಂತ ಕ್ಲಸ್ಟರ್‌ಗೆ ಹೇಳುವ ಕ್ಯೂಬ್‌ಕಂಟ್ರೋಲ್ ಅಪ್ಲೈ ಕಮಾಂಡ್ ಓಡಿಸುತ್ತದೆ. ನಿಮ್ಮಲ್ಲಿ ಜೆಂಕಿನ್ಸ್ ಬದಲು ಗಿಟ್‌ಲ್ಯಾಬ್ ಇರಬಹುದು, ಇನ್ನೊಂದಿರಬಹುದು. ದೋಷಗಳು ಮಾತ್ರ ಇವೇ.

ಮೊದಲ ಎರಡು ತಾಸು ದಂಡ

ಒಮ್ಮೆ ಹೊಸದು, ಒಮ್ಮೆ ಹಳೇದು ಅಂದ ಕೂಡಲೇ ನಮ್ಮ ಕೈ ಹೋಗಿದ್ದು ಬ್ರೌಸರ್ ಕ್ಯಾಶ್ (ಮೊದಲೇ ಉಳಿಸಿಟ್ಟ ಪ್ರತಿ) ಕಡೆಗೆ. ಮಾವನಿಗೆ ಫೋನಿನಲ್ಲೇ ಕ್ಯಾಶ್ ಅಳಿಸೋದು ಹೇಳಿಕೊಟ್ಟೆ. ಹದಿನೈದು ನಿಮಿಷ ಹೋಯ್ತು, ಫಲ ಇಲ್ಲ. ಆಮೇಲೆ ಡಾಕರ್ ಬಿಲ್ಡ್ ಕ್ಯಾಶ್ ಮೇಲೆ ಅನುಮಾನ. ಕ್ಯಾಶ್ ಬಿಟ್ಟು ಪೂರ್ತಿ ಹೊಸದಾಗಿ ಕಟ್ಟಿದೆವು. ಹಳೇ ಯಂತ್ರ, ಅರ್ಧ ಗಂಟೆ ಹಿಡಿಯಿತು. ಮತ್ತೆ ಹಸಿರು. ಆಪ್ ಮತ್ತೆ ಅರ್ಧ ಹಳೇದು.

ಇಲ್ಲಿ ನಮ್ಮ ತಪ್ಪು ಏನೆಂದರೆ, ಏನು ಓಡುತ್ತಿದೆ ಅಂತ ನೋಡದೆ ಏನು ಕಟ್ಟಿದೆವು ಅಂತಲೇ ನೋಡುತ್ತಾ ಕೂತದ್ದು. ಡಿಪ್ಲಾಯ್ ದೋಷ ಹುಡುಕುವಾಗ ತುದಿಯಿಂದ ಹಿಂದಕ್ಕೆ ಬರಬೇಕು. ಮೊದಲು ಪಾಡ್, ಆಮೇಲೆ ರಿಜಿಸ್ಟ್ರಿ, ಕೊನೆಗೆ ಬಿಲ್ಡ್. ನಾವು ಉಲ್ಟಾ ಹೋಗಿದ್ದೆವು.

ಪಾಡ್‌ಗಳ ಪಾಡು ನೋಡಿ

ಕ್ಯೂಬ್‌ಕಂಟ್ರೋಲ್ ಗೆಟ್ ಪಾಡ್ಸ್ ಓಡಿಸಿ, ಜೊತೆಗೆ ವೈಡ್ ಅನ್ನೋ ಆಯ್ಕೆ ಕೊಡಿ. ಪ್ರತಿ ಪಾಡ್ ಯಾವ ಯಂತ್ರದಲ್ಲಿದೆ, ಹುಟ್ಟಿ ಎಷ್ಟು ಹೊತ್ತಾಯ್ತು, ಎರಡೂ ಕಾಣುತ್ತವೆ. ಈ ವಯಸ್ಸಿನ ಕಾಲಂ ಅನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಆಪ್ ಹಳೇದಾಗಿಯೇ ಉಳಿದಿದೆ ಅಂದರೆ ಎರಡರಲ್ಲಿ ಒಂದು ನಡೆದಿರುತ್ತದೆ. ಒಂದು, ಕ್ಲಸ್ಟರ್‌ಗೆ ಏನೂ ಬದಲಾಗಿದೆ ಅಂತಲೇ ಗೊತ್ತಾಗಿಲ್ಲ. ಆಗ ಪಾಡ್‌ಗಳ ಎಣಿಕೆ ಸರಿ ಇರುತ್ತದೆ, ವಯಸ್ಸು ಮಾತ್ರ ಡಿಪ್ಲಾಯ್‌ಗಿಂತ ಹಿಂದಿನದು. ಇನ್ನೊಂದು, ಹೊಸ ಪಾಡ್ ಹುಟ್ಟಿದೆ, ಆದರೆ ಏಳಲಾಗದೆ ಒದ್ದಾಡುತ್ತಿದೆ. ಆಗ ಎಣಿಕೆಯಲ್ಲಿ ಒಂದು ಜಾಸ್ತಿ ಕಾಣುತ್ತದೆ.

ಎರಡನೆಯದರಲ್ಲಿ ಆಪ್ ಯಾಕೆ ಬೀಳುವುದಿಲ್ಲ ಅಂತ ಕೇಳಬಹುದು. ಯಾವ ಇಮೇಜ್, ಎಷ್ಟು ಪಾಡ್ ಓಡಬೇಕು ಅಂತ ಹೇಳುವ ಡಿಪ್ಲಾಯ್‌ಮೆಂಟ್‌ನ ಮೂಲ ಸೆಟ್ಟಿಂಗ್ ಹಾಗಿದೆ. ಒಮ್ಮೆಗೆ ಶೇಕಡಾ 25ರಷ್ಟು ಪಾಡ್ ಕಡಿಮೆಯಾಗಬಹುದು, ಶೇಕಡಾ 25ರಷ್ಟು ಹೆಚ್ಚಾಗಬಹುದು. ಕಡಿಮೆ ಮಾಡುವ ಲೆಕ್ಕವನ್ನು ಕೆಳಕ್ಕೆ ಇಳಿಸುತ್ತದೆ, ಹೆಚ್ಚು ಮಾಡುವ ಲೆಕ್ಕವನ್ನು ಮೇಲಕ್ಕೆ ಏರಿಸುತ್ತದೆ. ಎರಡೇ ಪಾಡ್ ಇದ್ದರೆ ಒಂದೂ ಕಡಿಮೆಯಾಗುವ ಹಾಗಿಲ್ಲ, ಒಂದು ಹೆಚ್ಚುವರಿ ಹುಟ್ಟುತ್ತದೆ. ಹೊಸದು ಕಾಲ ಮೇಲೆ ನಿಲ್ಲುವವರೆಗೆ ಹಳೇ ಎರಡನ್ನೂ ಮುಟ್ಟುವುದಿಲ್ಲ. ಬಳಸುವವರಿಗೆ ಅನುಕೂಲ. ನಮಗೆ ಮಾತ್ರ ದೋಷ ಕಣ್ಣಿಗೆ ಬೀಳುವುದಿಲ್ಲ.

ನಮ್ಮಲ್ಲಿ ಎಣಿಕೆ ಎರಡೇ ಇತ್ತು. ಎ ಯಂತ್ರದ ಪಾಡ್‌ಗೆ ಹನ್ನೊಂದು ದಿನ. ಸಿ ಯಂತ್ರದ ಪಾಡ್‌ಗೆ ಹತ್ತು ಗಂಟೆ. ಶನಿವಾರ ಸಂಜೆಯ ವಯಸ್ಸಿನದು ಒಂದೂ ಇಲ್ಲ!

ಆಮೇಲೆ ಎರಡೂ ಪಾಡ್ ಮೇಲೆ ಪೂರ್ತಿ ವಿವರ ಕೊಡುವ ಡಿಸ್ಕ್ರೈಬ್ ಕಮಾಂಡ್ ಓಡಿಸಿದೆವು. ಅದರಲ್ಲಿ ಎರಡು ಸಾಲು ಮುಖ್ಯ. ಇಮೇಜ್ ಅಂತ ಒಂದು, ಇಮೇಜ್ ಐಡಿ ಅಂತ ಇನ್ನೊಂದು. ಎರಡೂ ಪಾಡ್‌ಗಳ ಇಮೇಜ್ ಹೆಸರು ಒಂದೇ, ಟ್ಯಾಗ್ ಒಂದೇ: ಸ್ಟೇಬಲ್. ಆದರೆ ಇಮೇಜ್ ಐಡಿಯ ಉದ್ದನೆಯ ಅಂಕೆ-ಅಕ್ಷರಗಳು ಬೇರೆ ಬೇರೆ. ಒಂದೇ ಹೆಸರಿನ ಎರಡು ಸರಕು.

ಟ್ಯಾಗ್ ಅನ್ನೋದು ಚೀಲದ ಮೇಲಿನ ಬರಹ

ಅಡಿಕೆ ಚೀಲದ ಮೇಲೆ ಮಸಿಯಲ್ಲಿ ರಾಶಿ ಅಂತ ಬರೆದಿರುತ್ತಾರಲ್ವಾ, ಟ್ಯಾಗ್ ಅಷ್ಟೇ. ಹೊಲಿಗೆ ಬಿಚ್ಚಿ ಒಳಗಿನದ್ದು ಬದಲಿಸಿ ಮತ್ತೆ ಹೊಲಿದರೂ ಮೇಲಿನ ಬರಹ ಅದೇ ಇರುತ್ತದೆ. ಒಳಗೆ ಏನಿದೆ ಅಂತ ನಿಜ ಹೇಳುವುದು ಡೈಜೆಸ್ಟ್. ಇಮೇಜ್ ಐಡಿಯಲ್ಲಿ ಕಾಣುವುದು ಅದೇ. ಒಳಗೆ ಒಂದು ಬೈಟ್ ಬದಲಾದರೂ ಡೈಜೆಸ್ಟ್ ಬದಲಾಗುತ್ತದೆ.

ಮೊದಲು ನಾವು ಪ್ರತಿ ಆವೃತ್ತಿಗೂ ಬೇರೆ ಟ್ಯಾಗ್ ಕೊಡುತ್ತಿದ್ದೆವು. ಪ್ರತಿ ಸಲ ಮ್ಯಾನಿಫೆಸ್ಟ್ ಕಡತ (ಏನು ಓಡಬೇಕು ಅಂತ ಅಪ್ಲೈಗೆ ಬರೆದು ಕೊಡುವುದು) ತಿದ್ದೋದು ರಗಳೆ ಅಂತ ಎರಡು ವಾರದ ಹಿಂದೆ ಸ್ಟೇಬಲ್ ಅನ್ನೋ ಒಂದೇ ಟ್ಯಾಗ್‌ಗೆ ಬಂದೆವು. ಯಾರು ಮಾಡಿದ್ದು ಅಂತ ಕೇಳಬೇಡಿ, ನಾನೇ. ಮೊದಲ ಡಿಪ್ಲಾಯ್ ಸಲೀಸಾಗಿ ಹೋಯ್ತು. ಹೋಗಲೇಬೇಕು, ಯಾಕೆಂದರೆ ಹಳೇ ನಂಬರ್ ಹೋಗಿ ಸ್ಟೇಬಲ್ ಅಂತ ಬಂದದ್ದರಿಂದ ಮ್ಯಾನಿಫೆಸ್ಟ್ ಬದಲಾಗಿತ್ತು. ಶನಿವಾರದ್ದು ಎರಡನೇ ಡಿಪ್ಲಾಯ್. ಈ ಸಲ ರಿಜಿಸ್ಟ್ರಿಯಲ್ಲಿ ಚೀಲದ ಒಳಗಿನದ್ದು ಬದಲಾಯ್ತು. ಮ್ಯಾನಿಫೆಸ್ಟ್‌ನಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಜೆಂಕಿನ್ಸ್ ಲಾಗ್ ತೆಗೆದು ನೋಡಿದರೆ ಅಪ್ಲೈ ಸಾಲಿನ ಕೊನೆಗೆ ಅನ್‌ಚೇಂಜ್ಡ್ ಅಂತ ಸ್ಪಷ್ಟವಾಗಿ ಬರೆದಿತ್ತು. ಕ್ಯೂಬರ್ನೆಟಿಸ್ ಪಾಪ ನಿಜ ಹೇಳಿತ್ತು. ಅಪ್ಲೈ ದೃಷ್ಟಿಯಲ್ಲಿ ಅದು ದೋಷ ಅಲ್ಲ, ಹಾಗಾಗಿ ಹಂತ ಹಸಿರು.

ಹಾಗಾದರೆ ಸಿ ಯಂತ್ರಕ್ಕೆ ಹೊಸದು ಹೇಗೆ ಬಂತು? ಕರೆಂಟ್ ಹೋಗಿದ್ದರಿಂದ. ಶರಾವತಿಯ 1035 ಮೆಗಾವಾಟ್ ವಿದ್ಯುತ್ ನಮ್ಮ ಜಿಲ್ಲೆಯಲ್ಲೇ ಹುಟ್ಟುತ್ತದೆ. ಆದರೂ ಗಾಳಿಮಳೆಗೆ ಒಂದು ಮರ ತಂತಿ ಮೇಲೆ ಬಿದ್ದರೆ ಮುಗೀತು. ಭಾನುವಾರ ರಾತ್ರಿ ಹಾಗೇ ಆಯ್ತು. ಎ ಮತ್ತು ಸಿ ಯಂತ್ರಕ್ಕೆ ಯುಪಿಎಸ್ ಇದೆ, ಬಿ ಯಂತ್ರಕ್ಕಿಲ್ಲ. ಬಿ ಆರಿತು. ಯಂತ್ರ ಮಾತಾಡುವುದು ನಿಲ್ಲಿಸಿದರೆ ಅದರ ಮೇಲಿನ ಪಾಡ್‌ಗಳಿಗಾಗಿ ಕ್ಯೂಬರ್ನೆಟಿಸ್ ಮೂಲ ಸೆಟ್ಟಿಂಗ್‌ನಲ್ಲಿ 300 ಸೆಕೆಂಡ್ ಕಾಯುತ್ತದೆ. ಆಮೇಲೆ ಬೇರೆ ಕಡೆ ಹುಟ್ಟಿಸುತ್ತದೆ. ಸಿ ಯಂತ್ರದಲ್ಲಿ ಸ್ಟೇಬಲ್ ಇಮೇಜ್ ಮುಂಚೆ ಯಾವತ್ತೂ ಇರಲಿಲ್ಲ. ಹಾಗಾಗಿ ರಿಜಿಸ್ಟ್ರಿಯಿಂದ ತಂದಿತು. ರಿಜಿಸ್ಟ್ರಿಯಲ್ಲಿ ಇದ್ದದ್ದು ಹೊಸದು. ಮಾವನ ಫೋನ್ ಒಮ್ಮೆ ಎ ಯಂತ್ರಕ್ಕೆ ಹೋಗುತ್ತಿತ್ತು, ಒಮ್ಮೆ ಸಿ ಯಂತ್ರಕ್ಕೆ.

ಕರೆಂಟ್ ಹೋಗದಿದ್ದರೆ ಎರಡೂ ಹಳೇದಾಗಿಯೇ ಇರುತ್ತಿದ್ದವು. ಹೊಸ ಆವೃತ್ತಿ ಯಾರಿಗೂ ಇಷ್ಟ ಆಗಿಲ್ಲ ಅಂದುಕೊಂಡು ಸುಮ್ನೆ ಕೂತಿರುತ್ತಿದ್ದೆವೋ ಏನೋ.

ರೀಸ್ಟಾರ್ಟ್ ಮಾಡಿದೆವು, ಇನ್ನೂ ಕೆಟ್ಟಿತು

ಕಾರಣ ಸಿಕ್ಕ ಖುಷಿಯಲ್ಲಿ ರೋಲ್‌ಔಟ್ ರೀಸ್ಟಾರ್ಟ್ ಕೊಟ್ಟೆವು. ಎರಡೂ ಪಾಡ್ ಹೊಸದಾಗಿ ಹುಟ್ಟಿದವು. ಒಂದು ಎ ಯಂತ್ರದಲ್ಲಿ, ಇನ್ನೊಂದು ಅಷ್ಟೊತ್ತಿಗೆ ಎದ್ದು ಕೂತಿದ್ದ ಬಿ ಯಂತ್ರದಲ್ಲಿ. ಆಪ್ ತೆಗೆದರೆ ಈಗ ಪೂರ್ತಿ ಹಳೇದು. ಸಾಗರದ ಧಾರಣೆ ಇದ್ದದ್ದೂ ಹೋಯ್ತು.

ಇಲ್ಲಿ ಬರುವುದು ಇಮೇಜ್ ಪುಲ್ ಪಾಲಿಸಿ, ಅಂದರೆ ಯಾವಾಗ ರಿಜಿಸ್ಟ್ರಿಯನ್ನು ಕೇಳಬೇಕು ಅನ್ನೋ ನಿಯಮ. ಟ್ಯಾಗ್ ಲೇಟೆಸ್ಟ್ ಅಂತ ಇದ್ದರೆ, ಅಥವಾ ಟ್ಯಾಗ್ ಕೊಡದೇ ಇದ್ದರೆ, ಅದು ತಾನಾಗಿ ಆಲ್ವೇಸ್ ಆಗುತ್ತದೆ. ಬೇರೆ ಯಾವ ಟ್ಯಾಗ್ ಇದ್ದರೂ ಇಫ್ ನಾಟ್ ಪ್ರೆಸೆಂಟ್. ಅಂದರೆ ಆ ಹೆಸರಿನದು ಯಂತ್ರದಲ್ಲಿ ಮೊದಲೇ ಇದ್ದರೆ ಅದನ್ನೇ ಬಳಸುತ್ತದೆ, ರಿಜಿಸ್ಟ್ರಿ ಕಡೆ ತಿರುಗಿಯೂ ನೋಡುವುದಿಲ್ಲ. ಎ ಮತ್ತು ಬಿ ಎರಡರಲ್ಲೂ ಹಳೇ ಸ್ಟೇಬಲ್ ಕೂತಿತ್ತು. ಎಷ್ಟು ಸಲ ರೀಸ್ಟಾರ್ಟ್ ಕೊಟ್ಟರೂ ಅದೇ ಎದ್ದು ಬರುತ್ತದೆ.

ಇದರಲ್ಲಿ ಇನ್ನೊಂದು ಕೊಕ್ಕೆ ಇದೆ. ಈ ಪಾಲಿಸಿಯನ್ನು ನೀವು ಬರೆಯದಿದ್ದರೆ, ಡಿಪ್ಲಾಯ್‌ಮೆಂಟ್ ಮೊದಲ ಸಲ ಹುಟ್ಟಿದಾಗ ಕ್ಯೂಬರ್ನೆಟಿಸ್ ಒಂದನ್ನು ತುಂಬಿಬಿಡುತ್ತದೆ. ಆಮೇಲೆ ಟ್ಯಾಗ್ ಅನ್ನು ಲೇಟೆಸ್ಟ್‌ಗೆ ಬದಲಿಸಿದರೂ ಪಾಲಿಸಿ ತಾನಾಗಿ ಬದಲಾಗುವುದಿಲ್ಲ. ಹಾಗಾಗಿ ಊಹೆ ಮಾಡಬೇಡಿ. ಓಡುತ್ತಿರುವ ಡಿಪ್ಲಾಯ್‌ಮೆಂಟ್ ಅನ್ನು ಯಾಮಲ್ ರೂಪದಲ್ಲಿ (ಮ್ಯಾನಿಫೆಸ್ಟ್ ಬರೆಯುವ ರೂಪ) ತೆಗೆದು ನೋಡಿ.

ಆಲ್ವೇಸ್ ಅಂತ ಹಾಕಿದರೆ ಆಯ್ತಲ್ಲ ಅನ್ನಬಹುದು. ನಮ್ಮ ಗೆಳೆಯನೂ ಅದನ್ನೇ ಹೇಳಿದ. ಆಲ್ವೇಸ್ ಇದ್ದರೆ ಪ್ರತಿ ಸಲ ಇಡೀ ಇಮೇಜ್ ಇಳಿಸಿಕೊಳ್ಳುತ್ತದೆ ಅನ್ನೋದು ತಪ್ಪು ತಿಳಿವಳಿಕೆ. ರಿಜಿಸ್ಟ್ರಿಯಲ್ಲಿ ಡೈಜೆಸ್ಟ್ ಕೇಳುತ್ತದೆ, ಯಂತ್ರದಲ್ಲಿ ಅದೇ ಇದ್ದರೆ ಅದನ್ನೇ ಬಳಸುತ್ತದೆ. ನನ್ನ ತಕರಾರು ಬೇರೆ. ಪಾಡ್ ಏಳುವ ಹೊತ್ತಿಗೆ ರಿಜಿಸ್ಟ್ರಿ ಸಿಗದಿದ್ದರೆ ಪಾಡ್ ಏಳುವುದೇ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಬಂದ ಮೇಲೂ ನೆಟ್‌ವರ್ಕ್ ಸರಿಯಾಗಲು ಎಷ್ಟು ಹೊತ್ತು ಬೇಕು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಆಗ ಯಂತ್ರದಲ್ಲೇ ಇರುವ ಇಮೇಜ್‌ನಿಂದ ಆಪ್ ಏಳುವ ಹಾಗಿರಬೇಕು. ಅದಕ್ಕೇ ಪಾಲಿಸಿ ಇದ್ದ ಹಾಗೇ ಬಿಟ್ಟೆವು, ಟ್ಯಾಗ್ ಮಾತ್ರ ಬದಲಿಸಿದೆವು.

ಈಗ ಪ್ರತಿ ಬಿಲ್ಡ್‌ಗೂ ಗಿಟ್ ಕಮಿಟ್‌ನ (ಕೋಡ್‌ನ ಪ್ರತಿ ಬದಲಾವಣೆಗೂ ಸಿಗುವ ಗುರುತು) ಮೊದಲ ಎಂಟು ಅಕ್ಷರವೇ ಟ್ಯಾಗ್. ಒಮ್ಮೆ ಕೊಟ್ಟ ಟ್ಯಾಗ್ ಇನ್ನೊಮ್ಮೆ ಬಳಸುವುದಿಲ್ಲ. ಮ್ಯಾನಿಫೆಸ್ಟ್‌ನಲ್ಲಿ ಟ್ಯಾಗ್ ಜಾಗಕ್ಕೆ ಒಂದು ಗುರುತು ಇಟ್ಟಿದ್ದೇವೆ, ಅಪ್ಲೈಗೆ ಮುಂಚೆ ಜೆಂಕಿನ್ಸ್ ಅದನ್ನು ಬದಲಿಸುತ್ತದೆ. ಹೀಗೆ ಮಾಡಿದ ಮೇಲೆ ರೋಲ್‌ಔಟ್ ಅನ್‌ಡು ಕೂಡ ಅರ್ಥವುಳ್ಳ ಮಾತಾಯ್ತು. ಒಂದೇ ಟ್ಯಾಗ್ ಇದ್ದಾಗ ಹಿಂದಕ್ಕೆ ಹೋಗು ಅಂದರೆ ಯಾವ ಹಿಂದಕ್ಕೆ?

ಎರಡು ಎಚ್ಚರ. ಸೆಡ್ (ಕಡತದಲ್ಲಿ ಪದ ಹುಡುಕಿ ಬದಲಿಸುವ ಕಮಾಂಡ್) ಬಳಸಿ ಗುರುತು ಬದಲಿಸುವವರಿದ್ದರೆ, ಗುರುತು ಸಿಗದಿದ್ದರೂ ಸೆಡ್ ದೋಷ ಅನ್ನುವುದಿಲ್ಲ, ಸುಮ್ನೆ ಮುಂದೆ ಹೋಗುತ್ತದೆ. ಆಮೇಲೆ ಪಾಡ್ ಇನ್‌ವ್ಯಾಲಿಡ್ ಇಮೇಜ್ ನೇಮ್ ಅಂತ ನಿಂತರೆ ಬಹಳ ಸಲ ಕಾರಣ ಇದೇ. ಇನ್ನು ಬ್ರಾಂಚ್ ಹೆಸರನ್ನೇ ಟ್ಯಾಗ್ ಮಾಡುವವರು ನೆನಪಿಡಿ: ಟ್ಯಾಗ್‌ನಲ್ಲಿ ಓರೆಗೆರೆ ಬರುವ ಹಾಗಿಲ್ಲ.

ಹಸಿರು ಬಣ್ಣವನ್ನು ನಂಬುವ ಹಾಗೆ ಮಾಡೋದು

ಅಪ್ಲೈ ಅನ್ನೋದು ಅರ್ಜಿ ಕೊಟ್ಟ ಹಾಗೆ. ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡರು ಅಂದರೆ ಕೆಲಸ ಆಯ್ತು ಅಂತಲ್ಲ. ಅಪ್ಲೈ ಆದ ಮೇಲೆ ರೋಲ್‌ಔಟ್ ಸ್ಟೇಟಸ್ ಓಡಿಸಿ ಕಾಯಬೇಕು. ಟೈಮ್‌ಔಟ್ ಕೊಡಿ. ನಮ್ಮ ಆಪ್ ಅರ್ಧ ನಿಮಿಷದಲ್ಲಿ ಏಳುತ್ತದೆ, ನಾವು 3 ನಿಮಿಷ ಕೊಟ್ಟಿದ್ದೇವೆ. ಕೊಡದಿದ್ದರೆ ಕ್ಯೂಬರ್ನೆಟಿಸ್‌ನ ಸ್ವಂತ ಗಡುವು 600 ಸೆಕೆಂಡ್.

ಇಷ್ಟು ಮಾಡಿದ ಮೇಲೂ ಒಂದು ಸಲ ಕೆಟ್ಟ ಡಿಪ್ಲಾಯ್ ಹಸಿರಾಗಿಯೇ ಮುಗೀತು. ತಲೆ ಕೆರೆದುಕೊಂಡೆವು. ಕೊನೆಗೆ ನೋಡಿದರೆ ಲಾಗ್ ಕಡತಕ್ಕೂ ಬರಲಿ ಅಂತ ಆ ಸಾಲಿನ ಕೊನೆಗೆ ಪೈಪ್ ಹಾಕಿ ಟೀ ಅನ್ನೋ ಕಮಾಂಡ್‌ಗೆ ಕಳಿಸಿದ್ದೆವು. ಪೈಪ್ ಇದ್ದಾಗ ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ಕೊನೆಯ ಕಮಾಂಡ್‌ನ ಫಲಿತಾಂಶ ಮಾತ್ರ ನೋಡುತ್ತದೆ. ಟೀ ಯಾವಾಗಲೂ ಪಾಸ್. ಬ್ಯಾಶ್ ಅನ್ನೋ ಶೆಲ್‌ನಲ್ಲಿ ಪೈಪ್‌ಫೇಲ್ ಆಯ್ಕೆ ಹಾಕಿದರೆ ಸರಿಯಾಗುತ್ತದೆ. ಆದರೆ ಜೆಂಕಿನ್ಸ್‌ನ ಶೆಲ್ ಹಂತ ಬ್ಯಾಶ್ ಆಗಿರಲೇಬೇಕು ಅಂತಿಲ್ಲ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಬ್ಯಾಶ್ ಅಂತ ಬರೆಯಿರಿ.

ಹೊಸ ಪಾಡ್ ಹುಟ್ಟಿದೆ, ಏಳುತ್ತಿಲ್ಲ

ಸ್ಟೇಟಸ್ ಕಾಲಂ ಏನು ಹೇಳುತ್ತದೆ ಅನ್ನೋದರ ಮೇಲೆ ದಾರಿ.

ಪೆಂಡಿಂಗ್ ಅಂತಿದ್ದರೆ ಪಾಡ್ ಕೂರಲು ಜಾಗ ಸಿಕ್ಕಿಲ್ಲ. ಡಿಸ್ಕ್ರೈಬ್‌ನ ಕೊನೆಯ ಈವೆಂಟ್ಸ್ ಭಾಗದಲ್ಲಿ ಮೆಮೊರಿ ಸಾಲದು, ಸಿಪಿಯು ಸಾಲದು ಅಂತ ಬರೆದಿರುತ್ತದೆ. ಕೇಳಿದ್ದು ಜಾಸ್ತಿಯಾಯ್ತು ಅಂತ ಅರ್ಥ.

ಇಮೇಜ್ ಪುಲ್ ಬ್ಯಾಕ್ಆಫ್ ಅಂತಿದ್ದರೆ ಇಮೇಜ್ ಬರುತ್ತಿಲ್ಲ. ಮತ್ತೆ ಈವೆಂಟ್ಸ್ ಓದಿ. ಸಿಗಲಿಲ್ಲ ಅಂದರೆ ಹೆಸರು ಅಥವಾ ಟ್ಯಾಗ್ ತಪ್ಪು. ಅನುಮತಿ ಇಲ್ಲ ಅಂದರೆ ರಿಜಿಸ್ಟ್ರಿಯ ಗುಟ್ಟುಪದ ಇಟ್ಟ ಸೀಕ್ರೆಟ್ ಅದೇ ನೇಮ್‌ಸ್ಪೇಸ್‌ನಲ್ಲಿ (ಕ್ಲಸ್ಟರ್ ಒಳಗಿನ ವಿಭಾಗ) ಇಲ್ಲ. ಸೀಕ್ರೆಟ್ ಒಂದು ನೇಮ್‌ಸ್ಪೇಸ್‌ನಿಂದ ಇನ್ನೊಂದಕ್ಕೆ ಕಾಣುವುದಿಲ್ಲ, ಟೆಸ್ಟ್‌ನಲ್ಲಿ ಓಡಿದ್ದು ಪ್ರೊಡಕ್ಷನ್‌ನಲ್ಲಿ ಓಡದಿರುವುದಕ್ಕೆ ಇದು ತುಂಬಾ ಮಾಮೂಲಿ ಕಾರಣ. 429 ಅನ್ನೋ ದೋಷ ಸಂಖ್ಯೆ ಕಂಡರೆ ಡಾಕರ್ ಹಬ್‌ನ (ಡಾಕರ್‌ನವರ ಸಾರ್ವಜನಿಕ ರಿಜಿಸ್ಟ್ರಿ) ಮಿತಿ. 2020ರ ನವೆಂಬರ್‌ನಿಂದ ಅವರು ಇಳಿಸಿಕೊಳ್ಳುವುದಕ್ಕೆ ಮಿತಿ ಹಾಕಿದ್ದಾರೆ. ಲಾಗಿನ್ ಇಲ್ಲದವರ ಲೆಕ್ಕ ಐಪಿ ವಿಳಾಸದ ಮೇಲೆ. ನಿಮ್ಮ ಇಂಟರ್‌ನೆಟ್ ಕೊಡುವವರು ಒಂದೇ ಐಪಿಯನ್ನು ಹಲವು ಮನೆಗೆ ಹಂಚಿದ್ದರೆ, ನೀವು ಒಂದೂ ಇಳಿಸದೆ ಮಿತಿ ಮುಗಿದಿರಬಹುದು. ಲಾಗಿನ್ ಆಗಿ, ಇಲ್ಲವೇ ಬೇಸ್ ಇಮೇಜ್ (ನಿಮ್ಮ ಇಮೇಜ್‌ಗೆ ಅಡಿಪಾಯವಾದದ್ದು) ಅನ್ನು ನಿಮ್ಮ ರಿಜಿಸ್ಟ್ರಿಯಲ್ಲೇ ಇಟ್ಟುಕೊಳ್ಳಿ.

ಕ್ರ್ಯಾಶ್ ಲೂಪ್ ಬ್ಯಾಕ್ಆಫ್ ಅಂತಿದ್ದರೆ ಇಮೇಜ್ ಬಂದಿದೆ, ಆಪ್ ಎದ್ದು ಎದ್ದು ಬೀಳುತ್ತಿದೆ. ಮೊದಲು 10 ಸೆಕೆಂಡ್ ಕಾದು ಎಬ್ಬಿಸುತ್ತದೆ, ಆಮೇಲೆ 20, 40, ಹೀಗೆ 5 ನಿಮಿಷದವರೆಗೆ ಏರುತ್ತದೆ. ಹಾಗಾಗಿ ನೀವು ನೋಡುವ ಹೊತ್ತಿಗೆ ಪಾಡ್ ಸುಮ್ನೆ ಕಾಯುತ್ತಾ ಇರಬಹುದು, ಅಥವಾ ಲಾಗ್ ಖಾಲಿ ಇರಬಹುದು. ಪ್ರೀವಿಯಸ್ ಅನ್ನೋ ಆಯ್ಕೆ ಕೊಟ್ಟು ಲಾಗ್ ಕೇಳಿ. ಸತ್ತವನ ಕೊನೆಯ ಮಾತು ಅಲ್ಲಿರುತ್ತದೆ.

ಲಾಗ್‌ನಲ್ಲಿ ಏನೂ ಇಲ್ಲದಿದ್ದರೆ ಡಿಸ್ಕ್ರೈಬ್‌ನಲ್ಲಿ ಎಕ್ಸಿಟ್ ಕೋಡ್ (ಆಪ್ ನಿಂತಾಗ ಬಿಟ್ಟುಹೋದ ಸಂಖ್ಯೆ) ನೋಡಿ. 137 ಅಂದರೆ ಯಾರೋ ಬಲವಂತವಾಗಿ ಕೊಂದಿದ್ದಾರೆ, ಪಕ್ಕದಲ್ಲಿ ಓಓಎಂ ಕಿಲ್ಡ್ ಅಂತಿದ್ದರೆ ಮೆಮೊರಿ ಮಿತಿ ದಾಟಿದೆ. 127 ಅಂದರೆ ಆ ಕಮಾಂಡೇ ಇಮೇಜ್‌ನಲ್ಲಿಲ್ಲ. ಎಕ್ಸೆಕ್ ಫಾರ್ಮ್ಯಾಟ್ ಎರರ್ ಕಂಡರೆ, ಇಮೇಜ್ ಕಟ್ಟಿದವರು ಯಾರು ಅಂತ ಕೇಳಿ. ಹೊಸ ಮ್ಯಾಕ್ ಇರುವ ಗೆಳೆಯ ತನ್ನ ಯಂತ್ರದಲ್ಲಿ ಕಟ್ಟಿ ಕಳಿಸಿರುತ್ತಾನೆ. ಅದು ಆರ್ಮ್ ಚಿಪ್‌ನ ಇಮೇಜ್, ನಿಮ್ಮ ಸರ್ವರ್ ಇಂಟೆಲ್. ಇನ್ನೊಂದು ವಿಚಿತ್ರ: ಶುರು ಮಾಡುವ ಸ್ಕ್ರಿಪ್ಟ್ ಕಣ್ಣೆದುರಿಗೇ ಇದೆ, ಆದರೂ ಅಂಥ ಕಡತ ಇಲ್ಲ ಅನ್ನುತ್ತದೆ. ವಿಂಡೋಸ್‌ನಲ್ಲಿ ಉಳಿಸಿದ ಕಡತ ಅದು. ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡಿರುತ್ತದೆ, ಲಿನಕ್ಸ್ ಅದನ್ನೂ ಸೇರಿಸಿ ಓದಿ ಇಲ್ಲದ ಶೆಲ್ ಹುಡುಕುತ್ತದೆ.

ರನ್ನಿಂಗ್ ಅಂತಿದೆ, ರೆಡಿ ಮಾತ್ರ ಆಗುತ್ತಿಲ್ಲ ಅಂದರೆ ರೆಡಿನೆಸ್ ಪ್ರೋಬ್ (ಆಪ್ ಸಿದ್ಧವಾ ಅಂತ ಆಗಾಗ ಕೇಳುವ ಪರೀಕ್ಷೆ) ಸೋಲುತ್ತಿದೆ. ಆಪ್ 127.0.0.1ರಲ್ಲಿ ಕಿವಿಗೊಟ್ಟಿದೆಯಾ ನೋಡಿ. ಹಾಗಿದ್ದರೆ ಕಂಟೇನರ್ ಒಳಗಿನವರಿಗೆ ಮಾತ್ರ ಕೇಳುತ್ತದೆ, ಹೊರಗಿನಿಂದ ಬಡಿದರೆ ಬಾಗಿಲು ತೆಗೆಯುವುದಿಲ್ಲ. 0.0.0.0 ಆಗಬೇಕು. ಅದೂ ಸರಿ ಇದ್ದರೆ ಪ್ರೋಬ್‌ನ ಟೈಮ್‌ಔಟ್ ನೋಡಿ, ಮೂಲ ಸೆಟ್ಟಿಂಗ್ ಬರೀ 1 ಸೆಕೆಂಡ್. ನಿಧಾನದ ಡೇಟಾಬೇಸ್‌ಗೆ ಅದು ಸಾಲುವುದಿಲ್ಲ.

ಬಿಲ್ಡ್ ಯಂತ್ರಕ್ಕೆ ಕಾಲ ನಿಂತದ್ದು

ಇದು ಬೇರೆ ದಿನದ ಕಥೆ, ಆದರೆ ಅದೇ ಮಳೆಗಾಲದ್ದು. ಮತ್ತೆ ರಾತ್ರಿಯಿಡೀ ಕರೆಂಟ್ ಇರಲಿಲ್ಲ, ಯುಪಿಎಸ್ ಕೂಡ ಸುಸ್ತಾಗಿತ್ತು. ಬೆಳಗ್ಗೆ ಜೆಂಕಿನ್ಸ್ ಎದ್ದಿತು. ಆದರೆ ಯಾವ ಬಿಲ್ಡ್ ಕೊಟ್ಟರೂ ಶುರುವಿನಲ್ಲೇ ಕೆಂಪು. ಕೋಡ್ ತರಲಾಗುವುದಿಲ್ಲ, ಬೇಸ್ ಇಮೇಜ್ ಬರುವುದಿಲ್ಲ, ನಮ್ಮ ರಿಜಿಸ್ಟ್ರಿಗೆ ಹಾಕಲೂ ಆಗುವುದಿಲ್ಲ. ಎಲ್ಲ ಕಡೆ ಪ್ರಮಾಣಪತ್ರದ (ಸರ್ವರ್ ತನ್ನ ಗುರುತಿಗೆ ತೋರಿಸುವುದು) ದೋಷ: ಅವಧಿ ಮುಗಿದಿದೆ, ಅಥವಾ ಇನ್ನೂ ಜಾರಿಗೆ ಬಂದಿಲ್ಲ.

ಅವಧಿ ಮುಗಿದಿದೆ ಅನ್ನೋ ಮೊದಲರ್ಧ ಓದಿ ನಾವು ರಿಜಿಸ್ಟ್ರಿಯ ಪ್ರಮಾಣಪತ್ರ ಹೊಸದು ಮಾಡಿಸಲು ಓಡಿದೆವು. ಮಾಡಿಸಿಯೂ ಆಯ್ತು. ದೋಷ ಅಲ್ಲೇ ಇತ್ತು. ಆಗ ಯೋಚನೆ ಬಂತು: ಹೊರಗಿನ ಎಲ್ಲ ಸರ್ವರ್‌ಗಳ ಪ್ರಮಾಣಪತ್ರ ಒಂದೇ ರಾತ್ರಿ ಹೇಗೆ ಕೆಡುತ್ತದೆ? ದೋಷದ ಸಾಲನ್ನು ಕೊನೆಯವರೆಗೆ ಓದಿದೆವು. ಈಗಿನ ಸಮಯ ಇಂತಿಷ್ಟು, ಅದು ಪ್ರಮಾಣಪತ್ರ ಶುರುವಾಗುವ ದಿನಕ್ಕಿಂತ ಹಿಂದಿದೆ ಅಂತ ಬರೆದಿತ್ತು. ಡೇಟ್ ಅಂತ ಹೊಡೆದು ನೋಡಿದರೆ ನಮ್ಮ ಬಿಲ್ಡ್ ಯಂತ್ರ ಎರಡು ವರ್ಷ ಹಿಂದೆ ಬದುಕುತ್ತಿತ್ತು.

ಮದರ್‌ಬೋರ್ಡ್ ಮೇಲಿನ ಸಣ್ಣ ದುಂಡನೆಯ ಸೆಲ್ ಸತ್ತಿತ್ತು. ಕರೆಂಟ್ ಇರುವವರೆಗೆ ಗಡಿಯಾರ ಓಡುತ್ತದೆ, ಪೂರ್ತಿ ಆರಿದರೆ ಮರೆತುಬಿಡುತ್ತದೆ. ಸಾಮಾನ್ಯವಾಗಿ ಯಂತ್ರ ಎದ್ದ ಮೇಲೆ ಇಂಟರ್‌ನೆಟ್‌ನಿಂದ ಸಮಯ ತಿದ್ದಿಕೊಳ್ಳುತ್ತದೆ. ನಮ್ಮ ಯಂತ್ರದಲ್ಲಿ ಆ ಸೇವೆಯನ್ನು ಯಾವಾಗಲೋ ನಿಲ್ಲಿಸಿದ್ದರು. ಟೈಮ್‌ಡೇಟ್‌ಕಂಟ್ರೋಲ್ ಅಂತ ಹೊಡೆದರೆ ಸಮಯ ಹೊಂದಿದೆಯೋ ಇಲ್ಲವೋ ಅಂತ ಒಂದೇ ಸಾಲಿನಲ್ಲಿ ಹೇಳುತ್ತದೆ. ಇಲ್ಲ ಅಂತಿತ್ತು.

ಸೇವೆ ಶುರು ಮಾಡಿ, ದುರ್ಗಿಗುಡಿಯ ಅಂಗಡಿಯಿಂದ ಸಿಆರ್ 2032 ಸೆಲ್ ತಂದು ಹಾಕಿದೆವು. ಬಿಲ್ಡ್ ಹಸಿರಾಯ್ತು. ಈಗ ಪೈಪ್‌ಲೈನ್‌ನ ಮೊದಲ ಹಂತವೇ ಗಡಿಯಾರ ನೋಡೋದು. ಕೊನೆಯ ಹಂತ ಓಡುತ್ತಿರುವ ಪಾಡ್‌ಗಳ ಡೈಜೆಸ್ಟ್ ತೆಗೆದು ರಿಜಿಸ್ಟ್ರಿಗೆ ಹಾಕಿದ ಡೈಜೆಸ್ಟ್ ಜೊತೆ ಹೋಲಿಸುತ್ತದೆ, ಹೊಂದದಿದ್ದರೆ ಕೆಂಪು ಮಾಡುತ್ತದೆ.

ಬಿ ಯಂತ್ರಕ್ಕೆ ಮಾತ್ರ ಇನ್ನೂ ಯುಪಿಎಸ್ ಬಂದಿಲ್ಲ.